ಬೋರ್ಡಿಲ್ಲದ ದೋಣಿ ಕಂಪನಿ



ವಿಜಯವಾಡದ ಪ್ರಕಾಶಂ ಬ್ಯಾರೇಜ್ ದಾಟಿ ಮಂಗಳಗಿರಿ ಕಡೆಗೆ ಬರುವಾಗ ಕೆಳಗಿನ ನೀರನ್ನು ನೋಡಿ, "ಇದು ನಮ್ಮೂರ ಕಡೆಯಿಂದ ಬಂದ ನೀರು" ಎಂದು ನಿಮ್ಮಲ್ಲಿ ಹಲವರು ಮಕ್ಕಳಿಗೆ ಹೇಳಿರುತ್ತೀರಿ. ನಿಜ. ಕೃಷ್ಣೆ ರಾಯಚೂರು ಜಿಲ್ಲೆಯನ್ನು ಬಳಸಿಕೊಂಡೇ ಇಲ್ಲಿಗೆ ಬರಬೇಕು. ಇಲ್ಲಿ 1893ರಿಂದ ರೈಲು ಹೊಳೆ ದಾಟುತ್ತಿದೆ. ರಾಯಚೂರಿನ ಕಡೆ ಅದಕ್ಕೂ ಮುಂಚೆ, 1871ರಲ್ಲೇ, ಬೊಂಬಾಯಿಯ ಹಳಿಯೂ ಮದರಾಸಿನ ಹಳಿಯೂ ಕೂಡಿದವು. ನಿಜಾಮರ ಕಾಲಕ್ಕೆ ದೇವಸೂಗೂರಿನಲ್ಲಿ ರಸ್ತೆಯ ಸೇತುವೆಯೂ ಆಯಿತು. ಆದರೆ ಇವೆಲ್ಲ ಈ ದಂಡೆಯಿಂದ ಆ ದಂಡೆಗೆ ಹೋಗುವವರ ಅನುಕೂಲಕ್ಕೆ. ಹೊಳೆಯ ನಡುವೆಯೇ ಮನೆ ಕಟ್ಟಿಕೊಂಡವರ ಗತಿಯೇನು?

ಅಂಥವರು ಇದ್ದಾರೆ. ರಾಯಚೂರು ತಾಲ್ಲೂಕಿನ ಕುರ್ವಕುಲ, ಕುರ್ವಕುರ್ದಾ, ಅಗ್ರಹಾರ ಎಂಬ ಊರುಗಳು ಕೃಷ್ಣೆಯ ನಡುಗಡ್ಡೆಗಳು. ಅಲ್ಲಿಯ ಮಾತಿನಲ್ಲಿ ನಡುಗಡ್ಡೆ ಎಂದರೆ ಕುರ್ವ, ಇಲ್ಲವೇ ಗಡ್ಡಿ. ಶ್ರೀಪಾದ ಶ್ರೀವಲ್ಲಭರ ಕುರುವಪುರದ ಹೆಸರು ದತ್ತಭಕ್ತರಾದ ನಿಮಗೆ ಗೊತ್ತೇ ಇರುತ್ತದೆ. ಲಿಂಗಸುಗೂರಿನ ಕಡೆ ಹೋದರೆ ಜಲದುರ್ಗದ ಕೋಟೆಯೂ ಹೀಗೆಯೇ ನೀರ ನಡುವೆ. ಈ ಊರುಗಳಿಗೆ ಉಪ್ಪಿನಿಂದ ಹಿಡಿದು ಹೊಸ ಸೊಸೆಯವರೆಗೆ ಎಲ್ಲವೂ ಬಂದದ್ದು ತೆಪ್ಪದ ಮೇಲೆ. ತೆಪ್ಪ ನಡೆಸಿದ್ದು ಅಂಬಿಗರ ಮನೆಗಳು.

ಇಂಗ್ಲೆಂಡು, ಅಮೆರಿಕಾಗಳಲ್ಲಿ ದ್ವೀಪಗಳಿಗೆ ಹಡಗು ಓಡಿಸುವ ಕುಟುಂಬದ ಕಂಪನಿಗಳಿವೆ. ತಾತನ ಹೆಸರು, ಸ್ಥಾಪನೆಯ ವರ್ಷ ಬೋರ್ಡಿನ ಮೇಲಿರುತ್ತದೆ. ನಮ್ಮ ಕೃಷ್ಣೆಯ ಕಂಪನಿಗೆ ಬೋರ್ಡಿಲ್ಲ, ಸ್ಥಾಪನೆಯ ವರ್ಷವಿಲ್ಲ. ಆದರೂ ಕಂಪನಿಯೇ. ಅಪ್ಪನ ಕಡವು ಮಗನಿಗೆ ಬರುತ್ತದೆ. ಹಲವು ಕಡೆ ದಾಟಿದಾಗಲೆಲ್ಲ ರೊಕ್ಕ ಕೊಡುವ ಪದ್ಧತಿಯೇ ಇರಲಿಲ್ಲ. ಸುಗ್ಗಿಯಲ್ಲಿ ಒಕ್ಕಣೆ ಮುಗಿದ ಮೇಲೆ ಮನೆಗಿಷ್ಟು ಎಂದು ಕಾಳು ಅಳೆಯುತ್ತಿದ್ದರು. ಈಗಿನ ಭಾಷೆಯಲ್ಲಿ ಹೇಳಬೇಕೆಂದರೆ ವಾರ್ಷಿಕ ಪಾಸು!

ಈ ವಾಹನದ ವಯಸ್ಸು ಕೇಳಿದರೆ ಬೆರಗಾಗುತ್ತೀರಿ. ಮಂಗಳಗಿರಿಯ ದೇವಾಲಯದ ಶಾಸನದಲ್ಲಿ ಕೃಷ್ಣದೇವರಾಯನು 1515ರಲ್ಲಿ ಕೊಂಡವೀಡು ಗೆದ್ದ ಸಂಗತಿ ಇದೆಯಲ್ಲ, ಅದೇ ರಾಯನ ಕಾಲಕ್ಕೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಜನ ದಾಟುತ್ತಿದ್ದ ದುಂಡನೆಯ ಬುಟ್ಟಿದೋಣಿಯನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ಸಾಗಿಸಬಹುದು. ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತಲೇ ಸಾಗುತ್ತದೆ ಎಂದು ಅವನ ಅಚ್ಚರಿ. ಮುಂದೆ 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೊರಟ ಆರ್ಥರ್ ವೆಲ್ಲೆಸ್ಲಿ, ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ, ನಮ್ಮ ಹೊಳೆಗಳನ್ನು ದಾಟಲು ಮಾಡಿಸಿಟ್ಟುಕೊಂಡದ್ದೂ ಇಂಥ ಬುಟ್ಟಿದೋಣಿಗಳನ್ನೇ. ಇವತ್ತಿನ ತೆಪ್ಪದಲ್ಲಿ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಹಾಗೆಯೇ ಇದೆ.

ದಂಡನಾಯಕರ ಹೆಸರು ಉಳಿಯಿತು, ಹುಟ್ಟು ಹಾಕಿದವರದು ಉಳಿಯಲಿಲ್ಲ. ಒಬ್ಬನದು ಮಾತ್ರ ಉಳಿದಿದೆ. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯ. ಉಳಿದ ಶರಣರು ಬಹುಮಟ್ಟಿಗೆ ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ, ಈತ ತನ್ನ ಕಸುಬನ್ನೂ ಹೆಸರನ್ನೂ ಸೇರಿಸಿ ಅದನ್ನೇ ಅಂಕಿತವಾಗಿ ಇಟ್ಟುಕೊಂಡ. ಕಾಲೇಜಿನಲ್ಲಿ ವಚನ ಓದುವಾಗ ನನಗೆ ಇದು ದೊಡ್ಡ ವಿಷಯ ಅನ್ನಿಸಿರಲಿಲ್ಲ, ಈಗ ಅನ್ನಿಸುತ್ತದೆ.

ಈ ಮನೆಗಳ ಬಂಡವಾಳ ತೆಪ್ಪವಲ್ಲ. ತೆಪ್ಪ ಹಳತಾದರೆ ಇನ್ನೊಂದು ಹೆಣೆಯಬಹುದು. ಬಂಡವಾಳವೆಂದರೆ ಹೊಳೆಯ ತಿಳಿವಳಿಕೆ. ಬಂಡೆ ಎಲ್ಲಿ ಮುಳುಗಿದೆ, ಸುಳಿ ಎಲ್ಲಿ ಏಳುತ್ತದೆ, ನೀರು ಕೆಂಪಾದರೆ ಎಷ್ಟು ಹೊತ್ತಿಗೆ ಏರುತ್ತದೆ, ಇದೆಲ್ಲ ಅಪ್ಪನ ಪಕ್ಕದಲ್ಲಿ ಕೂತು ಮಗ ಕಲಿತದ್ದು. "ಇವತ್ತು ಬ್ಯಾಡ್ರಿ" ಎಂದು ಅಂಬಿಗ ಹೇಳಿದರೆ ಗೌಡರಾದರೂ ದಂಡೆಯ ಮೇಲೆ ಕೂಡಬೇಕು.

ಆ ತಿಳಿವಳಿಕೆಗೆ ಪೆಟ್ಟು ಬಿದ್ದದ್ದು ಅಣೆಕಟ್ಟುಗಳಿಂದ. 1982ಕ್ಕೆ ನಾರಾಯಣಪುರ, ಆಮೇಲೆ ಅದಕ್ಕೂ ಮೇಲೆ ಆಲಮಟ್ಟಿ. ನೀರಾವರಿ ಬಂತು, ಬೇಡವೆನ್ನುವವರಾರು? ಆದರೆ ಹೊಳೆ ಮೋಡ ನೋಡಿ ಏರುವುದನ್ನು ಬಿಟ್ಟು, ಗೇಟು ನೋಡಿ ಏರತೊಡಗಿತು. ಬಿಸಿಲು ಕಾಯುತ್ತಿರುವ ದಿನವೂ ಪ್ರವಾಹ ಬರಬಹುದು. ನಾವು ಸ್ಟುಡಿಯೋದಲ್ಲಿ ಕೂತು "ಜಲಾಶಯದಿಂದ ಇಂತಿಷ್ಟು ಲಕ್ಷ ಕ್ಯೂಸೆಕ್ ನೀರು ಬಿಡಲಾಗಿದೆ" ಎಂದು ಓದುತ್ತೇವೆ. ನಿಮಗೆ ಅದು ಹಾಡಿಗೂ ಹಾಡಿಗೂ ನಡುವೆ ಬರುವ ಒಂದು ಅಂಕಿ. ಕುರ್ವದವರಿಗೆ ಅದು ನಾಳೆ ಬಸುರಿಯನ್ನು ಆಸ್ಪತ್ರೆಗೆ ದಾಟಿಸಬಹುದೋ ಇಲ್ಲವೋ ಎಂಬ ಉತ್ತರ. ಬೆಜವಾಡದವರಿಗೆ ಈ ಅಂಕಿಯ ಬಿಸಿ ತಟ್ಟದೇ ಇಲ್ಲ: 2009ರ ಅಕ್ಟೋಬರಿನಲ್ಲಿ, ಮತ್ತೆ 2024ರ ಸೆಪ್ಟೆಂಬರಿನಲ್ಲಿ ಪ್ರಕಾಶಂ ಬ್ಯಾರೇಜಿನ ಬಳಿ ಹರಿವು 11 ಲಕ್ಷ ಕ್ಯೂಸೆಕ್ ದಾಟಿತ್ತು.

2020ರ ಆಗಸ್ಟಿನಲ್ಲಿ, ತೆಲಂಗಾಣದ ದಂಡೆಯಿಂದ ಕುರ್ವಕುಲಕ್ಕೆ ಮರಳುತ್ತಿದ್ದ ತೆಪ್ಪ ಮಗುಚಿ ನಾಲ್ವರು ನೀರುಪಾಲಾದರು. ಸಂತೆ ಸಾಮಾನು ತರಲು ಹೋದವರು. ಆ ದಿನಕ್ಕೂ ಆ ಊರಿಗೆ ಸೇತುವೆ ಇರಲಿಲ್ಲ. ರೈಲು ಹೊಳೆ ದಾಟಿ ನೂರೈವತ್ತು ವರ್ಷ ಆಗುತ್ತಾ ಬಂದಿತ್ತು. ತೆಪ್ಪದ ಚೆಂದವನ್ನು ಹೊಗಳುವ ನಮ್ಮಂಥವರು ಈ ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು. ಸೇತುವೆ ಬೇಕೇ ಬೇಕು. ಶರಾವತಿಯ ಹಿನ್ನೀರಿನಲ್ಲಿ ತುಮರಿಯ ಜನ ದಶಕಗಟ್ಟಲೆ ಸರ್ಕಾರಿ ಲಾಂಚಿಗೆ ಕಾದು, 2025ರ ಜುಲೈ 14ರಂದು ಸಿಗಂದೂರು ಸೇತುವೆಯ ಮೇಲೆ ಕಾಲಿಟ್ಟಾಗ ಪಟ್ಟ ಸಂತೋಷವನ್ನು ನೀವು ಟೀವಿಯಲ್ಲಿ ನೋಡಿರುತ್ತೀರಿ.

ಮುಂದೆಂದಾದರೂ ಕುರುವಪುರದ ದರ್ಶನಕ್ಕೆ ಹೋದರೆ, ಮಳೆಗಾಲ ಬಿಟ್ಟು ಹೋಗಿ, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಹೊಳೆ ರಭಸದಲ್ಲಿರುವ ಕಡೆ ಅಂಬಿಗ ನಿಮ್ಮನ್ನು ತಕ್ಷಣ ಹತ್ತಿಸಿಕೊಳ್ಳುವುದಿಲ್ಲ. ತೆಪ್ಪವನ್ನು ಬೆನ್ನ ಮೇಲೆ ಕವುಚಿಕೊಂಡು ಮೇಲ್ದಿಕ್ಕಿಗೆ ನಡೆಯುತ್ತಾನೆ, ನೀವು ಹಿಂದೆ ನಡೆಯಬೇಕು. ಯಾಕೆಂದು ಅವಸರಪಡಿಸಬೇಡಿ. ಎಷ್ಟು ಮೇಲೆ ಹೋಗಿ ನೀರಿಗೆ ಬಿಟ್ಟರೆ ಸೆಳವು ತಂದು ಸರಿಯಾಗಿ ಎದುರಿನ ಕಡವಿಗೇ ಮುಟ್ಟಿಸುತ್ತದೆ ಎಂದು ಅವನು ಆಗ ಅಳೆಯುತ್ತಿರುತ್ತಾನೆ.