ಬೇಸಿಗೆ ಪ್ರಯಾಣದಲ್ಲಿ ಸಾಕು ನಾಯಿಗಳ ರಕ್ಷಣೆ: ಸಾರ್ವಜನಿಕರಿಗೆ ಮಾಹಿತಿ

ರಾಜ್ಯದಲ್ಲಿ ಮಾರ್ಚ್‌ನಿಂದ ಮೇ ಅಂತ್ಯದವರೆಗಿನ ಅವಧಿಯು ಬೇಸಿಗೆಯ ಕಾಲವಾಗಿರುತ್ತದೆ. ಶಾಲಾ ರಜೆ, ಮದುವೆ ಹಾಗೂ ಜಾತ್ರೆಗಳು ಇದೇ ಅವಧಿಯಲ್ಲಿ ಬರುವುದರಿಂದ ಸಾಕು ನಾಯಿಗಳನ್ನು ಊರಿಂದೂರಿಗೆ ಕರೆದೊಯ್ಯುವ ಸಂದರ್ಭಗಳೂ ಹೆಚ್ಚು. ನಾಯಿಗಳಿಗೆ ಬಿಸಿಲಿನ ಆಘಾತವು ಮಾರಣಾಂತಿಕವಾಗಬಲ್ಲದು. ಆದರೆ ಮುನ್ನೆಚ್ಚರಿಕೆಯಿಂದ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದಾಗಿದೆ. ಈ ಬಗ್ಗೆ ಮಾಲೀಕರ ಮಾಹಿತಿಗಾಗಿ ಕೆಳಕಂಡ ಅಂಶಗಳನ್ನು ನೀಡಲಾಗಿದೆ.

ನಾಯಿಗೆ ಮನುಷ್ಯರಂತೆ ಮೈಯೆಲ್ಲಾ ಬೆವರುವುದಿಲ್ಲ. ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿ ಮಾತ್ರ ಇದ್ದು, ದೇಹದ ಶಾಖವನ್ನು ಅದು ನಾಲಿಗೆ ಹೊರಚಾಚಿ ತೇಕುವ ಮೂಲಕವೇ ಹೊರಹಾಕಬೇಕಾಗುತ್ತದೆ. ಸುತ್ತಲಿನ ಗಾಳಿಯೇ ಬಿಸಿಯಾಗಿದ್ದಲ್ಲಿ, ಅಥವಾ ಕರಾವಳಿಯಲ್ಲಿರುವಂತೆ ಗಾಳಿಯಲ್ಲಿ ತೇವಾಂಶ ಅಧಿಕವಾಗಿದ್ದಲ್ಲಿ, ತೇಕುವುದರಿಂದ ಹೆಚ್ಚಿನ ಪ್ರಯೋಜನವಾಗುವುದಿಲ್ಲ. ಆದ್ದರಿಂದ ಮಾಲೀಕರು ತಮಗೆ ಸೆಕೆ ಸಹ್ಯವಾಗಿದೆ ಎಂಬ ಕಾರಣಕ್ಕೆ ನಾಯಿಗೂ ಸಹ್ಯವಾಗಿದೆ ಎಂದು ಭಾವಿಸತಕ್ಕದ್ದಲ್ಲ.

ನಿಲ್ಲಿಸಿದ ಕಾರಿನಲ್ಲಿ ನಾಯಿ

ದೇವಸ್ಥಾನ, ಕಲ್ಯಾಣ ಮಂಟಪ, ಹೋಟೆಲುಗಳಲ್ಲಿ ಸಾಮಾನ್ಯವಾಗಿ ನಾಯಿಗೆ ಪ್ರವೇಶವಿರುವುದಿಲ್ಲ. "ಐದು ನಿಮಿಷದಲ್ಲಿ ಬಂದುಬಿಡೋಣ" ಎಂದು ಅದನ್ನು ಕಾರಿನಲ್ಲಿ ಕೂಡಿಹಾಕಿ ಹೋಗುವುದುಂಟು. ದರ್ಶನದ ಸರತಿ ಸಾಲು ಐದು ನಿಮಿಷಕ್ಕೆ ಮುಗಿಯುವುದು ಅಪರೂಪ. ಅಮೆರಿಕದ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊರಗಿನ ತಾಪಮಾನ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ದಿನಗಳಂದು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗಿನ ತಾಪಮಾನವು ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿಯಷ್ಟು ಏರಿತು. ಈ ಏರಿಕೆಯ ಶೇಕಡ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿಯ ಗಾಜನ್ನು ಸ್ವಲ್ಪ ಇಳಿಸಿದ್ದರಿಂದ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡುಬರಲಿಲ್ಲ. ಈ ಲೆಕ್ಕದಂತೆ, ಬೆಂಗಳೂರಿನಲ್ಲಿ 30 ಡಿಗ್ರಿ ಇರುವ ಸಾಧಾರಣ ದಿನದಂದೂ ಕಾರಿನ ಒಳಭಾಗ ಅರ್ಧ ಗಂಟೆಯಲ್ಲಿ 45 ಡಿಗ್ರಿ ದಾಟಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯ ವಿಷಯವನ್ನು ಹೇಳಬೇಕಾಗಿಲ್ಲ. ನೆರಳು ಸರಿಯುವುದರಿಂದ ಮರದಡಿ ನಿಲ್ಲಿಸಿದ ವಾಹನವನ್ನೂ ನಂಬುವಂತಿಲ್ಲ. ಕುಟುಂಬದ ಒಬ್ಬರು ನಾಯಿಯೊಂದಿಗೆ ಹೊರಗೆ ನೆರಳಿನಲ್ಲಿ ಉಳಿಯುವುದು, ಇಲ್ಲವೇ ನಾಯಿಯನ್ನು ಮನೆಯಲ್ಲಿಯೇ ಬಿಡುವುದು ಸೂಕ್ತ.

ನಡಿಗೆ ಮತ್ತು ನೀರು

ನಾಯಿಯನ್ನು ಬೆಳಿಗ್ಗೆ ಬಿಸಿಲೇರುವ ಮೊದಲೇ ತಿರುಗಾಡಿಸುವುದು ಉತ್ತಮ. ಸಂಜೆ ಸೂರ್ಯ ಮುಳುಗಿದ ನಂತರವೂ ಡಾಂಬರು ರಸ್ತೆ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಏಳು ಸೆಕೆಂಡು ಇಡಲಾಗದಿದ್ದಲ್ಲಿ ಅಲ್ಲಿ ನಾಯಿಯನ್ನು ನಡೆಸಬಾರದು. ಬಾಯಿ ತೆರೆಯದಂತೆ ಬಿಗಿಯುವ ಬಾಯಿಕುಕ್ಕೆಯನ್ನು ಬೇಸಿಗೆಯಲ್ಲಿ ಹಾಕಿದರೆ ತೇಕುವ ಏಕೈಕ ದಾರಿಯೂ ಮುಚ್ಚಿದಂತಾಗುತ್ತದೆ.

ಮೂತಿ ಚಪ್ಪಟೆಯಾಗಿರುವ ಪಗ್, ಬುಲ್‌ಡಾಗ್, ಶಿಹ್ ತ್ಸು ತಳಿಗಳು, ವಯಸ್ಸಾದ ಹಾಗೂ ಬೊಜ್ಜಿನ ನಾಯಿಗಳು ಬಹು ಬೇಗ ಬಳಲುತ್ತವೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ತೆಳು ಮೈಕಟ್ಟು ಹಾಗೂ ಗಿಡ್ಡ ಕೂದಲಿನದು, ನಮ್ಮ ಬಿಸಿಲಿಗೆ ಒಗ್ಗಿದ್ದು ಎಂಬುದು ನಿಜ. ಆದರೆ ಮಧ್ಯಾಹ್ನದಲ್ಲಿ ಓಡಿಸಿದರೆ ಅದಕ್ಕೂ ಅಪಾಯ ತಪ್ಪಿದ್ದಲ್ಲ. ಪೊಮೇರಿಯನ್, ಜರ್ಮನ್ ಶೆಫರ್ಡ್ ತಳಿಗಳ ಕೂದಲನ್ನು ಪೂರ್ತಿ ಬೋಳಿಸುವುದು ಬೇಡ, ಚೆನ್ನಾಗಿ ಬಾಚಿ ಉದುರಿದ ಕೂದಲನ್ನು ತೆಗೆದರೆ ಸಾಕು.

ಈರುಳ್ಳಿ ಹಾಕಿದ ಮಜ್ಜಿಗೆಯನ್ನು ತಂಪೆಂದು ನಾಯಿಗೆ ಕೊಡಬಾರದು. ಈರುಳ್ಳಿಯು ನಾಯಿಯ ರಕ್ತಕಣಗಳನ್ನು ನಾಶಪಡಿಸುತ್ತದೆ. ದ್ರಾಕ್ಷಿಯೂ ವರ್ಜ್ಯ. ಶುದ್ಧ ನೀರಿಗೆ ಸಮನಾದುದು ಬೇರೆ ಇಲ್ಲ.

ದೂರ ಪ್ರಯಾಣದ ನಿಯಮಗಳು

ಪ್ರಾಣಿಗಳ ಸಾಗಣೆ ನಿಯಮಗಳು, 1978ರ ಪ್ರಕಾರ ಸಾಗಿಸಲಾಗುವ ನಾಯಿಯೊಂದಿಗೆ ಅರ್ಹ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಇರತಕ್ಕದ್ದು. ನಾಯಿಯು ಪ್ರಯಾಣಕ್ಕೆ ಯೋಗ್ಯವಾಗಿದೆ ಮತ್ತು ರೇಬೀಸ್ ಸೇರಿದಂತೆ ಯಾವುದೇ ಸಾಂಕ್ರಾಮಿಕ ರೋಗದ ಲಕ್ಷಣಗಳು ಇಲ್ಲ ಎಂದು ಅದರಲ್ಲಿ ದೃಢೀಕರಿಸಿರಬೇಕು. ಪ್ರಮಾಣಪತ್ರವಿಲ್ಲದಿದ್ದಲ್ಲಿ ಸಾಗಣೆದಾರರು ನಾಯಿಯನ್ನು ಸ್ವೀಕರಿಸುವಂತಿಲ್ಲ. ಪ್ರಮಾಣಪತ್ರಕ್ಕಾಗಿ ಪಶು ಆಸ್ಪತ್ರೆಗೆ ಬರುವವರು ನಾಯಿಯನ್ನು ಹಾಗೂ ಲಸಿಕೆ ಪುಸ್ತಕವನ್ನು ತಪ್ಪದೆ ತರುವುದು. ತುಂಬು ಗರ್ಭಿಣಿ ನಾಯಿಯನ್ನು ಸಾಗಿಸಲು ಅವಕಾಶವಿಲ್ಲ.

ಇದೇ ನಿಯಮಗಳಲ್ಲಿ ದೂರದ ಪ್ರಯಾಣದ ನಾಯಿಗೆ ಬೇಸಿಗೆಯಲ್ಲಿ ಪ್ರತಿ ನಾಲ್ಕು ಗಂಟೆಗೊಮ್ಮೆ ನೀರು ನೀಡಬೇಕೆಂದು ವಿಧಿಸಲಾಗಿದೆ. ಇದು ಕನಿಷ್ಠ ಮಿತಿ. ಸ್ವಂತ ವಾಹನದಲ್ಲಿ ಹೋಗುವವರು ಗಂಟೆಗೊಮ್ಮೆ ನಿಲ್ಲಿಸಿ ನೀರು ಕುಡಿಸುವುದು ಕಷ್ಟವೇನಲ್ಲ. ಪ್ರಾಣಿಗಳಿಗೆ ಅನಗತ್ಯ ನೋವಾಗುವಂತೆ ಸಾಗಿಸುವುದು, ಮಾಲೀಕರು ಸಾಕಷ್ಟು ಆಹಾರ, ನೀರು, ಆಸರೆ ಒದಗಿಸದಿರುವುದು ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ ಕಲಂ 11ರನ್ವಯ ಅಪರಾಧವಾಗಿರುತ್ತದೆ.

ಬಿಸಿಲಿನ ಆಘಾತವಾದಲ್ಲಿ

ಆರೋಗ್ಯವಂತ ನಾಯಿಯ ದೇಹದ ತಾಪಮಾನ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಇದು 105 ದಾಟಿದಲ್ಲಿ ಜೀವಕ್ಕೆ ಅಪಾಯ. ವಿಪರೀತ ತೇಕುವುದು, ಗಟ್ಟಿ ಜೊಲ್ಲು, ಕೆಂಪಡರಿದ ಒಸಡು, ವಾಂತಿ, ತೂರಾಡುವುದು, ಕುಸಿದು ಬೀಳುವುದು ಇದರ ಲಕ್ಷಣಗಳು.

ಇಂತಹ ಸಂದರ್ಭದಲ್ಲಿ ನಾಯಿಯನ್ನು ಎತ್ತಿಕೊಂಡು ನೇರವಾಗಿ ಆಸ್ಪತ್ರೆಗೆ ಓಡುವುದು ಸಹಜ. ಆದರೆ ಮೊದಲು ತಂಪು ಮಾಡಬೇಕು, ನಂತರ ಸಾಗಿಸಬೇಕು. ನೆರಳಿಗೆ ತಂದು, ಕೈಗೆ ಸಿಕ್ಕಿದ ತಣ್ಣೀರನ್ನು ಮೈಮೇಲೆ ಧಾರಾಳವಾಗಿ ಸುರಿದು, ಗಾಳಿ ಬೀಸುವುದು. ಒದ್ದೆ ಟವೆಲನ್ನು ಮೈಮೇಲೆ ಹೊದಿಸಿಡುವುದು ಬೇಡ. ಅದು ಕೆಲ ಹೊತ್ತಿನಲ್ಲೇ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ತಾಪಮಾನ 103ಕ್ಕೆ ಇಳಿದಾಗ ನೀರು ಸುರಿಯುವುದನ್ನು ನಿಲ್ಲಿಸುವುದು. ಪ್ರಜ್ಞೆ ಇಲ್ಲದ ನಾಯಿಯ ಬಾಯಿಗೆ ನೀರು ಹಾಕಬಾರದು. ಜ್ವರವೆಂದು ಭಾವಿಸಿ ಪ್ಯಾರಸಿಟಮಾಲ್ ಮಾತ್ರೆ ನೀಡುವುದು ಸರಿಯಲ್ಲ: ಬಿಸಿಲಿನಿಂದ ಏರಿದ ತಾಪವನ್ನು ಅದು ಇಳಿಸುವುದಿಲ್ಲ, ಬದಲಾಗಿ ನಾಯಿಗೆ ವಿಷವಾಗಬಹುದು.

ನಾಯಿ ಎದ್ದು ಓಡಾಡಿದರೂ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಮೂತ್ರಪಿಂಡ, ಯಕೃತ್ತಿಗೆ ಆದ ಹಾನಿ ಹಾಗೂ ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆಗಳು ಒಂದೆರಡು ದಿನಗಳ ನಂತರ ಕಾಣಿಸಿಕೊಳ್ಳುವ ಸಾಧ್ಯತೆ ಇರುತ್ತದೆ.