ಮನೆಮಾತಿಗೆ 25 ಡಾಲರ್ ದಂಡ

1920ರ ಮೇ 25. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಹ್ಯಾಮಿಲ್ಟನ್ ಕೌಂಟಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಬೇಸಾಯವನ್ನೇ ನಂಬಿದ ಆ ಸೀಮೆಯ ಲೂಥರನ್ ಚರ್ಚ್ ಶಾಲೆಯೊಂದರಲ್ಲಿ ರಾಬರ್ಟ್ ಮೇಯರ್ ಎಂಬ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಬೈಬಲ್ ಕಥೆಗಳ ಪುಸ್ತಕದಿಂದ ಜರ್ಮನ್ ಓದು ಹೇಳಿಕೊಟ್ಟರು. ಅದಕ್ಕೆ ಅವರ ಮೇಲೆ 25 ಡಾಲರ್ ದಂಡ ಬಿತ್ತು.

ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಜರ್ಮನ್ ಆಡುವವರ ನಿಷ್ಠೆಯ ಮೇಲೇ ಅನುಮಾನವಿದ್ದ ಕಾಲ. ನೆಬ್ರಾಸ್ಕಾ 1919ರಲ್ಲಿ ಒಂದು ಕಾಯ್ದೆ ತಂದಿತು: ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯಬೇಕು, ಎಂಟನೇ ತರಗತಿ ಪಾಸಾಗುವವರೆಗೆ ಮಕ್ಕಳಿಗೆ ಬೇರೆ ಭಾಷೆ ಕಲಿಸಕೂಡದು. ಮನೆಯಲ್ಲಿ ಬೇರೆ ಮಾತಾಡುವ ಮಕ್ಕಳಿಗೆ ಮೊದಲು ಇಂಗ್ಲಿಷ್ ಬರಲಿ ಎಂಬುದು ಸರ್ಕಾರದ ವಾದ. ಆದರೆ ಲ್ಯಾಟಿನ್, ಗ್ರೀಕ್, ಹೀಬ್ರೂಗಳಿಗೆ ಈ ನಿಷೇಧ ಅನ್ವಯಿಸುವುದಿಲ್ಲ ಎಂದು ರಾಜ್ಯದ ನ್ಯಾಯಾಲಯವೇ ಹೇಳಿತ್ತು. ಯಾರ ಮನೆಯಲ್ಲೂ ಆಡದ ಭಾಷೆ ಕಲಿಸಬಹುದಿತ್ತು. ಅಜ್ಜಿ ಆಡುವ ಭಾಷೆ ಮಾತ್ರ ಅಪರಾಧ.

ಅಮೆರಿಕದ ಸುಪ್ರೀಂ ಕೋರ್ಟ್ 1923ರ ಜೂನ್ 4ರಂದು ಮೇಯರ್ ಮೇಲಿನ ಶಿಕ್ಷೆಯನ್ನು ರದ್ದುಮಾಡಿತು. ತೀರ್ಪಿನ ಆಧಾರವನ್ನು ಗಮನಿಸಿ: ಕಲಿಸುವುದು ಮೇಷ್ಟ್ರ ವೃತ್ತಿಯ ಹಕ್ಕು, ಮಕ್ಕಳಿಗೆ ಏನು ಕಲಿಸಬೇಕೆಂಬುದು ತಂದೆತಾಯಿಯ ಹಕ್ಕು. ಎಲ್ಲರಿಗೂ ಇಂಗ್ಲಿಷ್ ಬರುವುದು ಒಳ್ಳೆಯದೇ, ಆದರೆ ಅದಕ್ಕೆ ಇಂಥ ಬಲವಂತ ಸಲ್ಲದು ಎಂದಿತು ಕೋರ್ಟು. ಜರ್ಮನ್ ಭಾಷೆಗೆಂದು ಯಾವ ಹಕ್ಕೂ ಸಿಗಲಿಲ್ಲ. ಅದನ್ನು ಉಳಿಸುವ, ಬಿಡುವ ಹೊಣೆ ಮನೆಯವರ ಹೆಗಲಿಗೆ ಬಂತು. ಮುಂದಿನ ದಶಕಗಳಲ್ಲಿ ಅಂಥ ಊರುಗಳ ಶಾಲೆ, ಚರ್ಚುಗಳು ಒಂದೊಂದಾಗಿ ಇಂಗ್ಲಿಷಿಗೆ ಹೊರಳಿದವು.

ದಂಡದ ಕಾಲ ಮುಗಿಯಿತು, ಲೆಕ್ಕದ ಕಾಲ ಮುಂದುವರಿಯಿತು. 1980ರ ಜನಗಣತಿಯಿಂದ ಅಮೆರಿಕದಲ್ಲಿ ಐದು ವರ್ಷ ದಾಟಿದವರ ಬಗ್ಗೆ ಮೂರು ಪ್ರಶ್ನೆ ಕೇಳುತ್ತಾರೆ. ಮನೆಯಲ್ಲಿ ಇಂಗ್ಲಿಷಲ್ಲದ ಭಾಷೆ ಆಡುತ್ತಾರೆಯೇ? ಯಾವುದು? ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ? ಕೊನೆಯದಕ್ಕೆ ಮನೆಯವರೇ ಅಂದಾಜಿನಿಂದ ಉತ್ತರಿಸುತ್ತಾರೆ, ಪರೀಕ್ಷೆಯೇನಿಲ್ಲ. ಇಂಗ್ಲಿಷನ್ನಷ್ಟೇ ಆಡುವವರಿಗೆ ಆ ಪ್ರಶ್ನೆಯೇ ಇಲ್ಲ. ಮನೆಮಾತು ಎಷ್ಟು ಚೆನ್ನಾಗಿ ಬರುತ್ತದೆಂದು ಯಾರನ್ನೂ ಕೇಳುವುದಿಲ್ಲ. ಅನುವಾದಕರು ಎಲ್ಲಿ ಬೇಕು, ಇಂಗ್ಲಿಷ್ ಪಾಠ ಎಲ್ಲಿ ಬೇಕು ಎಂದು ತಿಳಿಯಲು ಇದು ಉಪಯುಕ್ತ. ಆದರೆ ಒಂದು ಭಾಷೆ ಮನೆಯೊಳಗೆ ತೆಳುವಾಗುವುದು ಈ ಲೆಕ್ಕದಲ್ಲಿ ಕಾಣುವುದಿಲ್ಲ.

ನಮ್ಮ ಜನಗಣತಿ ಕೇಳುವುದು ಮಾತೃಭಾಷೆಯನ್ನು, ಅಂದರೆ ಬಾಲ್ಯದಲ್ಲಿ ತಾಯಿ ಆಡಿದ ಭಾಷೆಯನ್ನು. ಪುಣೆಯಲ್ಲೋ ದೆಹಲಿಯಲ್ಲೋ ಇರುವ ನಾವು ಆ ಕಾಲಂನಲ್ಲಿ ಧೈರ್ಯವಾಗಿ ‘ಕನ್ನಡ’ ಎಂದು ಬರೆಸುತ್ತೇವೆ. ನಿನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಮಕ್ಕಳೊಂದಿಗೆ ಯಾವ ಭಾಷೆ ಆಡಿದಿರಿ ಎಂದು ಕೇಳಿದರೆ? ನಮಗೆ ದಂಡ ಹಾಕುವವರು ಯಾರೂ ಇಲ್ಲ. ಹಾಗಾಗಿ ನೆಪ ಹೇಳಲೂ ಯಾರೂ ಇಲ್ಲ.