ಸೂಜಿಗೆ ಮೈಯೊಡ್ಡದ ಎಂಬತ್ತನಾಲ್ಕು ಜನ: ಕಾಠಾಲ್ ಬಾಗಾನ್ ಪ್ರಕರಣದ ಮರು ಓದು

ಕಾಠಾಲ್ ಬಾಗಾನ್ ಪ್ರಕರಣವನ್ನು ಎತ್ತಿಕೊಂಡವರೆಲ್ಲ 116 ಎಂಬ ಸಂಖ್ಯೆಯನ್ನು ಹೇಳುತ್ತಾರೆ. 1894ರ ಮಾರ್ಚ್ ಕೊನೆಯಲ್ಲಿ ಕಲ್ಕತ್ತದ ಆ ಕೊಳೆಗೇರಿಗೆ ವಾಂತಿಭೇದಿ ಕಾಲಿಟ್ಟಾಗ, ಆ ರೋಗಕ್ಕೆ ಲಸಿಕೆ ರೂಪಿಸಿದ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ತಂಡದಿಂದ ಕಾಲರಾ ಸೂಜಿ ಹಾಕಿಸಿಕೊಂಡವರು ಅಷ್ಟು ಮಂದಿ. ಈ ಲೇಖನ ಇರುವುದು ಸೂಜಿ ಹಾಕಿಸಿಕೊಳ್ಳದ ಉಳಿದ 84 ಜನರ ಬಗ್ಗೆ.

ಲೇಖನಕ್ಕೆ ನೆಪ ನಮ್ಮ ಮೇಷ್ಟ್ರು. ವೈದ್ಯಚರಿತ್ರೆಯ ತರಗತಿಯಲ್ಲಿ ಅವರು ಈ ಪ್ರಕರಣವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: ಪ್ಲೇಗಿನ ವರ್ಷಗಳಲ್ಲಿ ಸರ್ಕಾರ ನಡೆಸಿದ ದಬ್ಬಾಳಿಕೆಗೆ ಕಲ್ಕತ್ತದ ಬಡವರ ಮೈಮೇಲೆ ತಾಲೀಮು ನಡೆಯಿತು. ಮಾತು ಚೆನ್ನಾಗಿತ್ತು. ನಾನೂ ಇಪ್ಪತ್ತು ವರ್ಷ ಅದನ್ನೇ ಪಾಠ ಹೇಳಿದೆ. ಆಮೇಲೆ ಮೂಲ ವರದಿಯನ್ನು ಓದಿದೆ. ಮೇಷ್ಟ್ರ ಋಣ ನನ್ನ ಮೇಲೆ ದೊಡ್ಡದು. ಆದರೆ ಆ ಋಣ ತೀರಿಸಲು ಅವರ ತಪ್ಪನ್ನು ಮುಂದಿನ ತಲೆಮಾರಿಗೆ ದಾಟಿಸಬೇಕಾಗಿಲ್ಲ.

ಮೊದಲು ಹೆಸರಿನ ವಿಚಾರ. ಕಾಠಾಲ್ ಬಾಗಾನ್ ಎಂದರೆ ಬಂಗಾಳಿಯಲ್ಲಿ ಹಲಸಿನ ತೋಟ. ದಾಖಲೆಗಳಲ್ಲಿ ಆ ಹೆಸರಿನ ಮುಂದೆ ಬರುವ ‘ಬಸ್ತಿ’ ನಮ್ಮ ಬಸದಿಯಲ್ಲ. ನೆಲ ಒಬ್ಬನದು, ಅದರ ಮೇಲಿನ ಗುಡಿಸಲು ಇನ್ನೊಬ್ಬನದು, ಒಳಗಿನ ಕೋಣೆಗೆ ಬಾಡಿಗೆ ಕೊಡುವವನು ಮೂರನೆಯವನು. ಇಂಥ ಕಲ್ಕತ್ತದ ಕೇರಿಗೆ ಆ ಹೆಸರು. ಯಾವ ಮನೆಯಲ್ಲಿ ಯಾರಿದ್ದರು ಎಂಬ ಪ್ರಶ್ನೆ ಮುಂದೆ ಬರುವುದರಿಂದ ಇದು ಗೊತ್ತಿರಬೇಕು.

ಈಗ ಸಾಕ್ಷ್ಯಕ್ಕೆ ಬರೋಣ. ಕಲ್ಕತ್ತ ನಗರಸಭೆಯ ಆರೋಗ್ಯಾಧಿಕಾರಿ ವಿಲಿಯಂ ಸಿಂಪ್ಸನ್ ಅವರ ವರದಿಯ ಸಾರಾಂಶ ಹೀಗಿದೆ: ಎರಡು ಕೆರೆಗಳ ಸುತ್ತ ಹಬ್ಬಿದ ಕೇರಿ; ಸುಮಾರು 200 ಜನ. ಮಾರ್ಚ್ ಕೊನೆಯಲ್ಲಿ ಇಬ್ಬರು ಕಾಲರಾದಿಂದ ಸತ್ತರು, ಇನ್ನಿಬ್ಬರಿಗೆ ಕಾಲರಾ ಹೋಲುವ ಭೇದಿಯಾಯಿತು. ಅನಂತರ 116 ಜನ ಸೂಜಿ ಹಾಕಿಸಿಕೊಂಡರು. ಆಮೇಲೆ ಕಂಡದ್ದು ಒಂಬತ್ತು ಕಾಲರಾ ಪ್ರಕರಣ, ಅವುಗಳಲ್ಲಿ ಏಳು ಸಾವು. ಜೊತೆಗೆ ಕಾಲರಾ ಹೋಲುವ ಭೇದಿಯ ಒಂದು ಪ್ರಕರಣ. ಹತ್ತಕ್ಕೆ ಹತ್ತೂ ಸೂಜಿ ಹಾಕಿಸಿಕೊಳ್ಳದವರಲ್ಲೇ.

ಈ ನಾಲ್ಕು ಸಾಲಿನ ಮೇಲೆ ನೂರಮೂವತ್ತು ವರ್ಷಗಳ ಹೊರೆ ಬಿದ್ದಿದೆ. ಒಂದು ಪಂಗಡಕ್ಕೆ ಇದು ಲಸಿಕೆಯ ಪವಾಡ, ಇನ್ನೊಂದಕ್ಕೆ ಆಳುವವರ ಪ್ರಚಾರ. ಎರಡೂ ಪಂಗಡದವರು ವರದಿಯನ್ನು ಸಾವಧಾನವಾಗಿ ಓದಿಲ್ಲವೆಂದು ನನಗೆ ಅನ್ನಿಸುತ್ತದೆ. (ಪ್ರಚಾರ ಎನ್ನುವವರಲ್ಲಿ ನನ್ನ ಆಪ್ತರೇ ಹೆಚ್ಚು, ಹಾಗಾಗಿ ಅವರ ಮೇಲೆ ಕೋಪವೂ ಹೆಚ್ಚು.)

ಪವಾಡದವರಿಗೆ ಮೊದಲ ಪ್ರಶ್ನೆ: 84 ಎಂಬ ಸಂಖ್ಯೆ ಎಲ್ಲಿಂದ ಬಂತು? ಎಣಿಸಿದ್ದು 116. ಕೇರಿಯ ಜನಸಂಖ್ಯೆ ‘ಸುಮಾರು’ 200. ಎಣಿಸಿದ್ದನ್ನು ಅಂದಾಜಿನಿಂದ ಕಳೆದರೆ ಉಳಿಯುವುದೂ ಅಂದಾಜೇ. ಜನ 180 ಇದ್ದಿದ್ದರೆ ಉಳಿದವರು 64, 220 ಇದ್ದಿದ್ದರೆ 104. ಈ ಲೇಖನದ ತಲೆಬರಹಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಎರಡನೆಯದು, ‘ಹತ್ತು ಕಾಲರಾ’ ಎಂಬ ಸಡಿಲ ಮಾತು. ಇದ್ದದ್ದು ಒಂಬತ್ತು, ಹತ್ತನೆಯದು ಕಾಲರಾ ಹೋಲುವ ಭೇದಿ. ಸೂಜಿಯ ಜ್ವರದಲ್ಲಿ ಮಲಗಿದವನ ಹೊಟ್ಟೆ ಕೆಟ್ಟರೆ ಅದನ್ನು ಸೂಜಿಯ ಖಾತೆಗೆ ಬರೆದು, ಸೂಜಿ ಒಲ್ಲದವನ ಹೊಟ್ಟೆ ಕೆಟ್ಟರೆ ಕಾಲರಾದ ಖಾತೆಗೆ ಬರೆಯುವುದು ಸುಲಭ. ಹಾಗಾಯಿತು ಎನ್ನುತ್ತಿಲ್ಲ. ಆಗದಂತೆ ತಡೆಯುವ ಏರ್ಪಾಡು ಈ ಸಾಲುಗಳಲ್ಲಿ ಕಾಣುವುದಿಲ್ಲ ಎನ್ನುತ್ತಿದ್ದೇನೆ. ಏಳು ಸಾವುಗಳ ವಿಷಯದಲ್ಲಿ ಮಾತ್ರ ಈ ತಕರಾರು ನಿಲ್ಲುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ತೊಡಕಿನದು. ಲಸಿಕೆಯಿಂದ ಏನೂ ಆಗದು ಎಂದಿಟ್ಟುಕೊಳ್ಳಿ. ಪ್ರತಿ ರೋಗಿಯೂ 84 ಜನರ ಕಡೆಯವನಾಗುವ ಸಂಭವ ನೂರಕ್ಕೆ 42. ಹತ್ತೂ ಜನ ಆ ಕಡೆಯವರೇ ಆಗಬೇಕಾದರೆ 0.42 ಅನ್ನು ಹತ್ತು ಸಲ ಗುಣಿಸಬೇಕು. ಸುಮಾರು ಆರು ಸಾವಿರದಲ್ಲಿ ಒಂದು. ಅಂಕಿಅಂಶದ ಗೆಳೆಯರು ಇಷ್ಟಕ್ಕೇ ಚಪ್ಪಾಳೆ ತಟ್ಟುತ್ತಾರೆ. ಆದರೆ ಕಾಲರಾ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಹುಡುಕಿಕೊಂಡು ಬರುವುದಿಲ್ಲ, ಒಂದೇ ಕೊಡದ ನೀರು ಕುಡಿದವರನ್ನು ಒಟ್ಟಿಗೆ ಹಿಡಿಯುತ್ತದೆ. ಸೂಜಿ ಬೇಡವೆನ್ನುವುದೂ ಹಾಗೆಯೇ. ಮನೆಯ ಯಜಮಾನ ತಲೆಯಾಡಿಸಿದರೆ ಮನೆಮಂದಿಯೆಲ್ಲ ಹೊರಗುಳಿಯುತ್ತಾರೆ. ಹತ್ತು ಜನ ಮೂರೇ ಮನೆಗಳವರಾಗಿದ್ದರೆ, 0.42 ಅನ್ನು ಮೂರೇ ಸಲ ಗುಣಿಸಬೇಕು. ಆರು ಸಾವಿರದಲ್ಲಿ ಒಂದಾಗಿದ್ದ ಸಂಭವ ಹದಿಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಅಷ್ಟು ಕಾಕತಾಳೀಯ ನಮ್ಮ ಬೀದಿಯಲ್ಲೂ ಆಗುತ್ತಿರುತ್ತದೆ.

ಈ ಬಗೆಯ ಅನುಮಾನಗಳಿಗೆ 1915ರಲ್ಲೇ ಶಾಸ್ತ್ರ ಬರೆದವರು ಸಂಖ್ಯಾಶಾಸ್ತ್ರಜ್ಞರಾದ ಮೇಜರ್ ಗ್ರೀನ್‌ವುಡ್ ಮತ್ತು ಉಡ್ನಿ ಯೂಲ್. (ಇಲ್ಲಿ ‘ಮೇಜರ್’ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರು, ಸೇನೆಯ ಹುದ್ದೆಯಲ್ಲ.) ಹೋಲಿಸುವ ಎರಡು ಗುಂಪುಗಳು ಎಲ್ಲ ಮುಖ್ಯ ಸಂಗತಿಗಳಲ್ಲಿ ಒಂದೇ ತೆರನಾಗಿರಬೇಕು; ಸೋಂಕಿಗೆ ಒಂದೇ ಪ್ರಮಾಣದಲ್ಲಿ ತೆರೆದುಕೊಂಡಿರಬೇಕು; ಸೂಜಿ ಆಗಿದೆಯೇ ಎಂಬ ತೀರ್ಮಾನವೂ ರೋಗ ಬಂದಿದೆಯೇ ಎಂಬ ತೀರ್ಮಾನವೂ ಒಂದನ್ನೊಂದು ಸೋಕಬಾರದು. ಕಾಠಾಲ್ ಬಾಗಾನ್ ಮೊದಲನೆಯದರಲ್ಲಿ ತೇರ್ಗಡೆಯಾಗಿದ್ದಕ್ಕೆ ಪುರಾವೆಯಿಲ್ಲ, ಎರಡನೆಯದರಲ್ಲಿ ಅರ್ಧ ಅಂಕ, ಮೂರನೆಯದರಲ್ಲಿ ಉತ್ತರಪತ್ರಿಕೆಯೇ ಇಲ್ಲ.

ಆದರೂ ಸಿಂಪ್ಸನ್ ಮತ್ತು ಹಾಫ್ಕಿನ್ ಪರವಾಗಿ ಒಂದು ಮಾತು ಹೇಳಲೇಬೇಕು. ಅವರು ಕಾಠಾಲ್ ಬಾಗಾನ್‌ಗೆ ನಿಲ್ಲಲಿಲ್ಲ. ರೋಗ ಹೊಕ್ಕ ಮನೆಗಳನ್ನಷ್ಟೇ ತೆಗೆದುಕೊಂಡು, ಒಂದೇ ಸೂರಿನಡಿ ಸೂಜಿ ಆದವರನ್ನೂ ಆಗದವರನ್ನೂ ಹೋಲಿಸಿದರು. ಸಿಂಪ್ಸನ್ ಕೊನೆಗೆ ಕೊಟ್ಟ ಲೆಕ್ಕದಲ್ಲಿ ಸೂಜಿ ಆಗದ 654 ಜನರಲ್ಲಿ 71 ಸಾವು, ಅದೇ ಮನೆಗಳಲ್ಲಿ ಸೂಜಿ ಆದ 402 ಜನರಲ್ಲಿ 12 ಸಾವು. ನೂರಕ್ಕೆ ಹನ್ನೊಂದು ಒಂದು ಕಡೆ, ಮೂರು ಇನ್ನೊಂದು ಕಡೆ. ಒಂದೇ ಕೊಡದ ನೀರಿನ ಆಕ್ಷೇಪಕ್ಕೆ ಇದು ಮುಕ್ಕಾಲು ಉತ್ತರ. ಇಲ್ಲಿ ಪವಾಡದ ಸೊನ್ನೆಯಿಲ್ಲ, ಸೂಜಿ ಆದವರೂ ಸತ್ತಿದ್ದಾರೆ. ಅದಕ್ಕೇ ನನಗೆ ಈ ಲೆಕ್ಕದ ಮೇಲೆ ನಂಬಿಕೆ ಹೆಚ್ಚು. ನಮ್ಮ ಪಠ್ಯಪುಸ್ತಕಗಳಿಗೆ ಮಾತ್ರ ಸೊನ್ನೆಯೇ ಇಷ್ಟ.

ಇನ್ನು ಮೇಷ್ಟ್ರ ಕಡೆಗೆ. ದಬ್ಬಾಳಿಕೆಯ ವಾದ ನಿಂತಿರುವುದು ಕಾಲದ ಗೊಂದಲದ ಮೇಲೆ. ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದದ್ದು 1897ರ ಫೆಬ್ರುವರಿಯಲ್ಲಿ, ಪ್ಲೇಗಿನ ಬೆನ್ನಿಗೆ. ಪುಣೆಯ ಮನೆಶೋಧ, ಆ ಜೂನ್‌ನಲ್ಲಿ ರ‍್ಯಾಂಡ್ ಎಂಬ ಪ್ಲೇಗ್ ಅಧಿಕಾರಿಯ ಮೇಲೆ ಹಾರಿದ ಗುಂಡು, ಎಲ್ಲವೂ ಆಮೇಲಿನವು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಊರು ಬಿಟ್ಟು ಶೆಡ್ಡು ಸೇರಿದ ನೆನಪು ನಮ್ಮ ಅಜ್ಜಿಯರ ಮಾತಿನಲ್ಲಿತ್ತು, ಪ್ಲೇಗಮ್ಮನ ಗುಡಿಗಳಲ್ಲಿ ಇಂದಿಗೂ ಇದೆ. ಪ್ಲೇಗಿನ ಲಸಿಕೆ ತಯಾರಿಸಿದವರೂ ಹಾಫ್ಕಿನ್ ಅವರೇ ಆದ್ದರಿಂದ, ಕನ್ನಡಿಗ ಓದುಗ ‘ಹಾಫ್ಕಿನ್’ ಎಂಬ ಹೆಸರು ಕಂಡೊಡನೆ ಈ ನೆನಪನ್ನು ತಂದು ಕಲ್ಕತ್ತದ ಮೇಲೆ ಹೊದಿಸುತ್ತಾನೆ. ಮೇಷ್ಟ್ರಿಗೆ ಆದದ್ದು ಅದೇ ಎಂದು ನನ್ನ ಊಹೆ.

1894ರ ಕಲ್ಕತ್ತದಲ್ಲಿ ಕೆಲಸ ನಡೆದದ್ದು ನಗರಸಭೆಯ ಆರೋಗ್ಯ ಇಲಾಖೆಯ ಆಸರೆಯಲ್ಲಿ. ಆ ನಗರಸಭೆಯ ಮೂರನೇ ಎರಡು ಭಾಗ ಸದಸ್ಯರು ತೆರಿಗೆದಾರರು ಚುನಾಯಿಸಿದವರು. (ಅವರು ಬಡವರ ಪ್ರತಿನಿಧಿಗಳಲ್ಲ, ಆಸ್ತಿವಂತರು. ಚರಂಡಿಗಿಂತ ಸೂಜಿ ಅಗ್ಗವೆಂಬ ಲೆಕ್ಕ ಅವರಲ್ಲಿ ಕೆಲವರಿಗಾದರೂ ಇದ್ದಿರಬೇಕೆಂಬ ಅನುಮಾನ ನನಗಿದೆ.) ಸೂಜಿ ಚುಚ್ಚಿದವರಲ್ಲಿ ಚೌಧುರಿ, ಘೋಷ್, ಚಟರ್ಜಿ, ದತ್ ಎಂಬ ಬಂಗಾಳಿ ವೈದ್ಯರಿದ್ದರು. ಜನ ಕೂಲಿಗೆ ಹೊರಡುವ ಮೊದಲು ತಂಡ ಕೇರಿಗೆ ಬರುತ್ತಿತ್ತು. ಸಂಜೆ ಅವರು ಮರಳಿದ ಮೇಲೂ ಎಣ್ಣೆದೀಪದ ಬೆಳಕಿನಲ್ಲಿ ಕೂತಿರುತ್ತಿತ್ತು. ಕೊರಳಪಟ್ಟಿ ಹಿಡಿದು ಚುಚ್ಚುವ ಅಧಿಕಾರವಿದ್ದವರು ದೀಪ ಹಚ್ಚಿಕೊಂಡು ಕಾಯುತ್ತ ಕೂರುವುದಿಲ್ಲ.

ಕಾದರೂ ಎಲ್ಲರೂ ಬರಲಿಲ್ಲ. ಯಾಕೆ ಬರಬೇಕು? ಹಾಫ್ಕಿನ್ ಪದ್ಧತಿಯಲ್ಲಿ ಎರಡು ಸೂಜಿ: ಮೊದಲು ದುರ್ಬಲಗೊಳಿಸಿದ ರೋಗಾಣು, ಐದು ದಿನದ ಮೇಲೆ ಗಿನಿಯಿಲಿಗಳ ಒಡಲಲ್ಲಿ ಹಾಯಿಸಿ ಬಲಗೊಳಿಸಿದ್ದು. ಪಕ್ಕೆಗೆ ಚುಚ್ಚಿದರೆ ಬಾವು, ಜ್ವರ. ದಿನಗೂಲಿಯವನಿಗೆ ಜ್ವರವೆಂದರೆ ಆ ದಿನದ ಅನ್ನ ಹೋದಂತೆ. ಬೇಡವೆಂದವರನ್ನು ಮೂಢರೆಂದು ಕರೆದ ಲೇಖಕರು ಈ ಲೆಕ್ಕವನ್ನು ಮಾಡಿ ನೋಡಿದಂತಿಲ್ಲ.

ನನ್ನ ಮುಖ್ಯ ಮಾತು ಇಷ್ಟು. ಆ 84 ಜನ ಇರುವುದರಿಂದಲೇ ಎರಡೂ ಓದುಗಳು ಕುಸಿಯುತ್ತವೆ. ಬಲವಂತವೇ ನಡೆದಿದ್ದರೆ ಕೇರಿಯ ಐದರಲ್ಲಿ ಎರಡು ಪಾಲು ಜನ ಹೊರಗುಳಿಯುತ್ತಿರಲಿಲ್ಲ. ಅವಿತುಕೊಂಡವರನ್ನು ಬೇಕಾದರೆ ಕಳೆಯಿರಿ, ಆಗಲೂ ಇಷ್ಟು ಮಂದಿ ಹೆಚ್ಚೇ. ಪವಾಡವೆಂದುಕೊಂಡರೆ ಅವರು ಯಾರು, ಎಷ್ಟು ಮನೆಯವರು ಎಂದು ತಿಳಿಯದೆ ಏನನ್ನೂ ಸಾಧಿಸಲಾಗದು. ವಿಚಿತ್ರವೆಂದರೆ, ಲಸಿಕೆಯ ಪರ ಸಾಕ್ಷ್ಯವನ್ನು ಒದಗಿಸಿದವರು ಅದನ್ನು ಒಲ್ಲದವರು, ಅದೂ ಏಳು ಜೀವಗಳ ಬೆಲೆ ತೆತ್ತು.

ಒಂದೇ ಕೊಡದ ನೀರಿನ ಆಕ್ಷೇಪಕ್ಕೆ ಬಾಕಿಯಿದ್ದ ಕಾಲು ಉತ್ತರಕ್ಕೆ ನಗರ 2006ರವರೆಗೆ ಕಾಯಬೇಕಾಯಿತು. ಅದೇ ಕೋಲ್ಕತ್ತದ ಬಸ್ತಿಗಳಲ್ಲಿ, ಈ ಸಲ ಬಾಯಿಗೆ ಹಾಕುವ ಲಸಿಕೆಯೊಂದಿಗೆ ನಡೆದ ಪ್ರಯೋಗದಲ್ಲಿ ಚೀಟಿ ಎತ್ತಿದ್ದು ವ್ಯಕ್ತಿಗಳ ಹೆಸರಿನಲ್ಲಲ್ಲ, ಮನೆಗಳ ಹೆಸರಿನಲ್ಲಿ. ಎರಡೂ ಡೋಸು ಪಡೆದವರಲ್ಲಿ ಲಸಿಕೆಯ ಕಡೆ 31,932 ಜನ, ಹುಸಿಮದ್ದಿನ ಕಡೆ 34,968 ಜನ. ಎರಡು ವರ್ಷದಲ್ಲಿ ಕಾಲರಾ ಕಂಡದ್ದು ಲಸಿಕೆಯ ಕಡೆ 20, ಹುಸಿಮದ್ದಿನ ಕಡೆ 68. ಯಾರ ಮನೆಗೆ ಯಾವುದು ಬಂತೆಂದು ಕೊಟ್ಟವರಿಗೂ ಪಡೆದವರಿಗೂ ತಿಳಿದಿರಲಿಲ್ಲ. ರಕ್ಷಣೆ ನೂರಕ್ಕೆ 67, ಅಲ್ಲೂ ಸೊನ್ನೆಯಿಲ್ಲ.

ಮೇಷ್ಟ್ರ ಟಿಪ್ಪಣಿ ಪುಸ್ತಕ ಈಗ ನನ್ನ ಬಳಿಯಿದೆ. 116ರ ಸುತ್ತ ಅವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ. ಅದರ ಕೆಳಗೆ ನಾನು ‘ಉಳಿದವರು: ಸುಮಾರು 84’ ಎಂದು ಸೇರಿಸಿದ್ದೇನೆ. ‘ಸುಮಾರು’ ಎಂಬುದನ್ನು ಅಳಿಸುವ ದಾಖಲೆ ಯಾರಿಗಾದರೂ ಸಿಗಲಿ ಎಂದು, ಪೆನ್ಸಿಲಿನಲ್ಲಿ ಬರೆದಿದ್ದೇನೆ.